ಬಿಲ್ಲೆಯ ನಾಲ್ಕನೇ ತೂತು

“ನಾಕಲ್ರಿ ಸಾಹೇಬ್ರ, ಮೂರು. ನನ್ನ ಬಿಲ್ಲಿಗಿ ಇರೂದು ಮೂರ ತೂತು.”

ಲಾಕಪ್ಪಿನ ಸರಳು ಹಿಡಿದು ನಿಂತ ಮರೆಪ್ಪನ ಗಂಟಲು ಇದೊಂದೇ ಮಾತು ಹೇಳಿ ಹೇಳಿ ಒಣಗಿತ್ತು.

ಠಾಣೆಯ ಅಮೀನ ಅಣವೀರಪ್ಪ ಅಂಗೈ ಮುಂದೆ ಚಾಚಿದ. ಅಂಗೈಯಲ್ಲಿ ತೆಳು ಹಿತ್ತಾಳೆ ತಗಡಿನ ಬಿಲ್ಲೆ. ನಡುವೆ ನಂಬರು, ಅಂಚಿನಲ್ಲಿ ಬೇವಿನ ಬೀಜದ ಆಕಾರದ ತೂತುಗಳು. ಕುರುಡ ಮುಟ್ಟಿ ಎಣಿಸಿದರೂ ನಾಲ್ಕೇ.

“ಇದು ನಿಂದ ಹೌದಲ್ಲ?”

“ನಂಬರ್ ನಂದೇ ಅದ್ರಿ. ತೂತು ನಂದಲ್ಲ.”

ನಿನ್ನೆ, ಆಯುಧಪೂಜೆಯ ಖಂಡೆ ನವಮಿಯ ಮಧ್ಯಾಹ್ನ, ಕಮಲಾಪುರದ ತಿರುವಿನಲ್ಲಿ ಬಾಳೆಹಣ್ಣು ಮಾರುವ ಬಂಡೆಮ್ಮನನ್ನು ಎಚ್ಚರ ತಪ್ಪುವಂತೆ ಕೆಡವಿ, ನಿಲ್ಲದೆ ಹೋದ ಕರಿ ಕಾರು ಸಾಹುಕಾರ ಗುಂಡಣ್ಣನದು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಓಡಿಸಿದವರು ಯಾರು ಎಂಬುದೊಂದೇ ಉಳಿದಿತ್ತು. ಇಂದು ಬೆಳಿಗ್ಗೆ ಅದೇ ತಿರುವಿನ ಹುಲ್ಲಿನಲ್ಲಿ ಈ ಬಿಲ್ಲೆ ಸಿಕ್ಕಿ, ಊರಿನ ಪಾಲಿಗೆ ಅದೂ ಬಗೆಹರಿಯಿತು. ಮರೆಪ್ಪ ಗುಂಡಣ್ಣನ ಲಾರಿ ಡ್ರೈವರ್. ಹಬ್ಬದ ದಿನ ಕುಡಿದು ಧಣಿಯ ಕಾರು ಒಯ್ದಿದ್ದಾನೆ, ಇನ್ನೇನು ಬೇಕು?

ಬಿಲ್ಲೆಯ ಕಾನೂನು ಗೊತ್ತಿದ್ದವರಿಗೆ ಮರೆಪ್ಪನ ಕಣ್ಣೀರೂ ಅರ್ಥವಾಗುತ್ತಿತ್ತು. ಗಾಡಿ ಓಡಿಸುವವನು ತಪ್ಪು ಮಾಡಿದರೆ ಬಿಲ್ಲೆಗೆ ಒಂದು ತೂತು. ನಾಲ್ಕಾದರೆ ಬಿಲ್ಲೆ ಜಪ್ತಿ, ಮತ್ತೆ ಈ ಜನ್ಮದಲ್ಲಿ ಇಲ್ಲ. ನಾಲ್ಕು ತೂತಿನ ಸತ್ತ ಬಿಲ್ಲೆ ಇಟ್ಟುಕೊಂಡು ಗಾಡಿ ಓಡಿಸಿದರಂತೂ ಜಾಮೀನೂ ಇಲ್ಲದ ಜೈಲು. ಇದಕ್ಕೆ ಬೇರೆ ದಫ್ತರವಿಲ್ಲ, ತೂತೇ ದಾಖಲೆ. ಓದು ಬಾರದವನಿಗೂ ತನ್ನ ಪಾಪ ಎಷ್ಟೆಂದು ಬೆರಳಿಗೆ ತಾಗಬೇಕೆಂಬುದು ಸರಕಾರದ ಜಾಣತನ.

ಮೊನ್ನೆಮೊನ್ನೆಯವರೆಗೆ ಈ ತೂತಿನ ಭಯ ಕಲಬುರಗಿ ಊರೊಳಗಿನ ಬಾಡಿಗೆ ಡ್ರೈವರುಗಳಿಗೆ ಮಾತ್ರ ಇತ್ತು. ಈ ತಿಂಗಳು ಹೈದರಾಬಾದಿನಿಂದ ಹೊಸ ಹುಕುಂ ಬಂತು. ಸ್ವಂತ ಕಾರು ತಾವೇ ಓಡಿಸುವ ಸಾಹುಕಾರರಿಗೂ ಬಿಲ್ಲೆ, ಅವರಿಗೂ ತೂತು. ಊರೊಳಗಷ್ಟೇ ಅಲ್ಲ, ಕಮಲಾಪುರದ ತನಕ ಇಡೀ ರಸ್ತೆಗೂ. ಸ್ಟೇಶನ್ ಬಜಾರದ ಚಹಾದಂಗಡಿಯಲ್ಲಿ ಟಾಂಗಾದವರು ತೊಡೆ ತಟ್ಟಿಕೊಂಡು ನಕ್ಕಿದ್ದರು. ಈಗ ನೋಡಿದರೆ ಹೊಸ ಹುಕುಮಿಗೆ ಮೊದಲು ಸಿಕ್ಕಿಬಿದ್ದವನು ಹಳೆಯ ಬಡವನೇ. ಮರೆಪ್ಪ ತನ್ನ ಕೇರಿಯಲ್ಲಿ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಮೊದಲ ಗಂಡಸು.

“ನಿನ್ನೆ ಮಧ್ಯಾಹ್ನ ಎಲ್ಲಿದ್ದಿ?”

“ಮನ್ಯಾಗ್ರಿ. ಶೆಡ್ಡಿನಾಗ ಪೂಜಾ ಆತು, ಬಿಲ್ಲಿ ದೇವ್ರ ಮುಂದಿನ ತಾಟಿನಾಗ ಇಟ್ಟು ಕೈ ಮುಗದು ಹೋದೆ. ಬನ್ನಿ ಮುಡಿಯೂ ತನಕ ಪೂಜಾಕ್ಕ ಕೂತ ಸಾಮಾನ ಮುಟ್ಟಂಗಿಲ್ಲಲ್ರಿ. ಮುಟ್ಟಿದ್ರ ವರ್ಷಪೂರ್ತಿ ಗಾಡಿ ಕಾಡ್ತದ.”

“ಮನ್ಯಾಗಿದ್ದಿ ಅಂತ ಯಾರು ಹೇಳ್ತಾರ?”

“ವಿಮಲಾಬಾಯಿ ಹೇಳ್ತಾಳ್ರಿ, ನನ್ನ ಹೆಂಡತಿ. ಕೇರಿ ಮಂದಿ ಹೇಳ್ತಾರ. ಅವರ ಮಾತು ಕಚೇರ್‍ಯಾಗ ನಡೀತದೇನ್ರಿ?”

ನಡೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎಸ್ಪಿ ಸಾಹೇಬರ ಆಜ್ಞೆಯಂತೂ ಬೆಳಿಗ್ಗೆಯೇ ಬಂದಿತ್ತು: ಇಂದು ಸಂಜೆ ಬನ್ನಿ ಮುಡಿಯುವ ಹೊತ್ತಿನೊಳಗೆ ಮರೆಪ್ಪನನ್ನು ಜೈಲಿಗೆ ಕಳಿಸಿ ಬಾಗಿಲು ಮುಚ್ಚಿಬಿಡು.

ಅಣವೀರಪ್ಪ ಕೋಟಿನ ಕಿಸೆಯಿಂದ ಕರವಸ್ತ್ರ ತೆಗೆದು ಬಿಚ್ಚಿದ. ಒಳಗೆ ಹಸಿರು ಗಾಜಿನ ಬಳೆ ಚೂರುಗಳು. ನಿನ್ನೆ ಸಂಜೆ ಅಪಘಾತದ ಜಾಗದಲ್ಲಿ ಅವನ ಕೈಗೆ ಸಿಕ್ಕಿದ್ದು ಇಷ್ಟೇ.

“ಪಾಪ, ಬಂಡೆಮ್ಮನ ಬಳಿ” ಎಂದ.

ಮರೆಪ್ಪ ಸರಳಿನಿಂದ ಮುಖ ತೆಗೆದು ದಿಟ್ಟಿಸಿದ.

“ಬಂಡೆಮ್ಮನ ಕೈಯಾಗ ಬಳಿ ಎಲ್ಲಿಂದ ಬರ್ಬೇಕ್ರಿ? ಆಕಿ ಗಂಡ ಗದ್ಲದ ವರ್ಷನ ಹೋದ. ಬರಿಗೈ ಹೆಣ್ಮಗಳ್ರಿ ಆಕಿ. ಲೋಡಿಗಿ ಹೋದಾಗೊಮ್ಮೆ ನನ್ನ ಮಕ್ಕಳಿಗಂತ ಎರಡು ಕೆಂಪು ಬಾಳಿಹಣ್ಣು ಕೈಯಾಗ ಹಿಡಸ್ತಿದ್ಲು. ಅಂಥಾಕಿನ್ನ ನಾ ಕೆಡವಿ ಓಡಿ ಹೋಗ್ತೀನೇನ್ರಿ?”

ಅಣವೀರಪ್ಪ ಚೂರುಗಳನ್ನು ಮತ್ತೊಮ್ಮೆ ನೋಡಿದ. ನಿನ್ನೆಯಿಂದ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದರೂ ಇದನ್ನು ವಿಚಾರಿಸಬೇಕೆಂದು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹಾಗಾದರೆ ಆ ಕಾರಿನಲ್ಲಿ ಒಬ್ಬ ಹೆಂಗಸು ಇದ್ದಳು.

ಇನ್ನೊಂದು ಮುಳ್ಳು ಬೆಳಗಿನಿಂದಲೂ ಚುಚ್ಚುತ್ತಿತ್ತು. ನಿನ್ನೆ ಹೊತ್ತು ಮುಳುಗುವ ಮೊದಲೇ ಅವನೂ ಜಮಾದಾರ ಕರೀಂಸಾಬನೂ ಆ ತಿರುವಿನ ಹುಲ್ಲನ್ನು ಹೇನು ಹುಡುಕುವಂತೆ ಹುಡುಕಿದ್ದರು. ಬಳೆ ಚೂರು ಕಂಡ ಕಣ್ಣಿಗೆ ಥಳಥಳಿಸುವ ಹಿತ್ತಾಳೆ ಬಿಲ್ಲೆ ಕಾಣಲಿಲ್ಲವೇ?

ಪಡಸಾಲೆಯಲ್ಲಿ ಕರೀಂಸಾಬ್ ಗೋಡೆಗೊರಗಿ ನಿಂತಿದ್ದ. ತೂತು ಹಾಕುವ ಇಕ್ಕಳ ಇಡೀ ಜಿಲ್ಲೆಗೆ ಒಂದೇ. ಅದನ್ನು ಒತ್ತುವ ಅಧಿಕಾರ ಇದ್ದವರು ಇಬ್ಬರೇ, ಅಣವೀರಪ್ಪ ಮತ್ತು ಈತ.

“ಕರೀಂಸಾಬ್, ಮರೆಪ್ಪನ ಬಿಲ್ಲಿಗಿ ನಾಲ್ಕನೇದು ನೀವು ಹಾಕೀರೇನು?”

“ಇಲ್ಲ ಸಾಬ್.”

“ಮರ್ತಿರಬಹುದು.”

ಬಿಳಿಗಡ್ಡದ ಕರೀಂಸಾಬ್ ಗೋಡೆ ಬಿಟ್ಟು ನೆಟ್ಟಗೆ ನಿಂತ.

“ಸಾಬ್, ನಾಲ್ಕನೇ ತೂತು ಅಂದ್ರ ಒಬ್ಬನ ರೋಟಿ ಕಸ್ಕೊಂಡಂಗ. ಅದನ್ನ ಮರಿತಾರೇನು? ಎಸ್ಪಿ ಸಾಹೇಬ್ರ ಆಫೀಸಿನಾಗ ಆಗಲೇ ಮಾತು ನಡದಾವ. ಜಮಾದಾರ ಲಂಚ ತಿಂದು ಸತ್ತ ಬಿಲ್ಲಿ ವಾಪಸ್ ಕೊಟ್ಟಾನ ಅಂತ. ನಮ್ಮ ಮಂದಿ ನೌಕರಿ ಈಗ ಹೆಂಗ ನಡದಾವ ನಿಮಗ ಗೊತ್ತದ. ಒಂದು ನೆವ ಸಾಕು ನನ್ನ ಮನಿಗೆ ಕಳಸಾಕ.”

ನಿಜಾಮಶಾಹಿ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರು ವರ್ಷವಾಗಿದ್ದರೂ ಠಾಣೆಯೊಳಗೆ ಇಂಥ ಮಾತು ಬಂದಾಗ ಗಾಳಿ ಬಿಗಿಯುತ್ತಿತ್ತು. ಅಣವೀರಪ್ಪ ಅದೇ ಗದ್ದಲದಲ್ಲಿ, ಹೋರಾಟಗಾರರ ಗಡಿ ಶಿಬಿರದಲ್ಲಿದ್ದಾಗ, ಬಲಗೈಯ ಉಂಗುರದ ಬೆರಳನ್ನು ಗುಂಡಿಗೆ ಕೊಟ್ಟವನು. ಅಂದಿನಿಂದ ಹಣೆಗೆ ವಿಭೂತಿ ಎಳೆದರೆ ಮೂಡುವುದು ಎರಡೇ ಎಳೆ. ‘ಎರಡೆಳೆ ಅಮೀನ’ ಎಂದೇ ಊರು ಕರೆಯುತ್ತಿತ್ತು. ಹೊಸ ಸರಕಾರ ಸಬ್ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟರೂ ಊರ ಬಾಯಿ ಕೇಳಬೇಕಲ್ಲ. ಹಾಗೆ ಬೆರಳು ಕೊಟ್ಟು ಬಂದವನು ಈ ಮುದುಕನ ಕಣ್ಣು ನೋಡಿ ತಲೆ ತಗ್ಗಿಸಿದ.

“ನಿಮ್ಮ ಮ್ಯಾಲ ನನಗ ಶಂಕಾ ಇಲ್ಲ. ನೀವು ದವಾಖಾನಿಗೆ ನಡೀರಿ. ಬಂಡೆಮ್ಮಗ ಎಚ್ಚರ ಆಗೂ ತನಕ ಮಂಚ ಬಿಟ್ಟು ಏಳಬ್ಯಾಡ್ರಿ. ನಾ ಕಪನೂರಕ್ಕ ಹೋಗಿ ಬರ್ತೀನಿ.”

ಕಪನೂರಿನಲ್ಲಿ ಗುಂಡಣ್ಣನ ಶೆಡ್ಡಿನ ಮುಂದೆ ಲಾರಿ ಮದುವಣಗಿತ್ತಿಯಂತೆ ನಿಂತಿತ್ತು. ಎರಡೂ ಕಡೆ ಬಾಳೆಕಂಬ, ಮೂತಿಗೆ ಚೆಂಡುಹೂವಿನ ಹಾರ, ಗಾಲಿಯಡಿಯ ನಿಂಬೆಹಣ್ಣು ಇಟ್ಟಲ್ಲೇ ಇತ್ತು. ಪಕ್ಕದ ಕರಿ ಕಾರಿನ ಹಾರ ಹರಿದು, ಒಂದು ದೀಪ ಒಡೆದು ಹೋಗಿತ್ತು.

ಗುಂಡಣ್ಣ ರೇಷ್ಮೆ ಅಂಗಿಯಲ್ಲಿ ಹೊರಗೆ ಬಂದ. ಅಣವೀರಪ್ಪನ ಹೆಂಡತಿ ಶಿವಕಾಂತಮ್ಮನ ತಮ್ಮ ಈತ. ತಾಯಿ ಬೇಗ ಹೋದದ್ದರಿಂದ ಅಕ್ಕನೇ ಸೊಂಟದ ಮೇಲಿಟ್ಟು ಬೆಳೆಸಿದ್ದಳು.

“ಬರ್ರಿ ಮಾಮಾ, ಬಂಗಾರ ತಗೋರಿ. ಬಂಗಾರದಂಗ ಇರೋಣು” ಎಂದು ಬನ್ನಿ ಎಲೆ ಮುಂದೆ ಹಿಡಿದ.

“ಸಂಜಿ ಆಗ್ಲಿ. ನಿನ್ನ ಬಿಲ್ಲಿ ಎಲ್ಲದ?”

“ತಾಟಿನಾಗ ಅದ. ಎಲ್ಲಾರ ಜೋಡಿ. ನಿಮ್ಮ ಸರಕಾರ ನಮ್ಮನ್ನೂ ಟಾಂಗಾದವರ ಸಾಲಿಗೆ ಕುಂದ್ರಿಸ್ಯದಲ್ಲ.”

ಗೋಡೆಯ ಬುಡದಲ್ಲಿ ದೊಡ್ಡ ತಾಟು. ಅದರಲ್ಲಿ ಪಾನಾ, ಸುತ್ತಿಗೆ, ಜಾಕು. ನಡುವೆ ಬಿಲ್ಲೆಗಳು, ಎಲ್ಲದಕ್ಕೂ ಅರಿಶಿನ ಕುಂಕುಮದ ಲೇಪ. ಅಣವೀರಪ್ಪ ಮುಟ್ಟದೆ ಬಗ್ಗಿ ನೋಡಿದ. ಸಾಹುಕಾರನ ಬಿಲ್ಲೆಯಲ್ಲಿ ಮೂರು ತೂತು.

“ಭಲೆ! ಮರೆಪ್ಪ ವರ್ಷಗಟ್ಟಲೆ ದುಡದು ಗಳಿಸಿದ್ದನ್ನ ನೀ ಒಂದ ತಿಂಗಳದಾಗ ಗಳಿಸೀದಿ.”

“ಗಾಡಿ ಹೊಸಾದು ಮಾಮಾ, ಓಡ್ತದ.”

“ಕಮಲಾಪುರದ ಬಸ್ಸಿನ ಪರ್ಮಿಟ್ಟಿಗಿ ಅರ್ಜಿ ಹಾಕೀದಿ. ನಾಲ್ಕು ತೂತಾದವ್ರಿಗಿ ಪರ್ಮಿಟ್ ಇಲ್ಲ, ಗೊತ್ತದಲ್ಲ?”

“ನಾಲ್ಕು ಆಗಿಲ್ಲಲ್ಲ.” ಗುಂಡಣ್ಣ ನಕ್ಕ. “ಆಗಿದ್ದು ಮರೆಪ್ಪಂದು.”

“ನಿನ್ನೆ ಮಧ್ಯಾಹ್ನ ನೀ ಎಲ್ಲಿದ್ದಿ?”

“ಇಲ್ಲೇ, ಹೋಳಿಗಿ ಉಂಡು ಮಲಗಿದ್ದೆ. ಅಕ್ಕನೂ ಪೂಜಾಕ್ಕ ಬಂದಿದ್ಳು, ಆಕಿನ್ನ ಕೇಳ್ರಿ. ಎದ್ದು ನೋಡ್ತೀನಿ, ಕಾರಿಲ್ಲ. ಸಂಜಿಗಿ ಯಾರೋ ದೀಪ ಒಡದು ತಂದು ನಿಲ್ಲಿಸ್ಯಾರ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಲ್ಲ ಈತ. ಕೇಳಿದ್ದಕ್ಕೆಲ್ಲ ಉತ್ತರ ತುದಿನಾಲಗೆಯಲ್ಲೇ ಇತ್ತು. ಅಣವೀರಪ್ಪನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಸುಮ್ಮನಾಗುವುದು ಅವನ ಅಭ್ಯಾಸ. ಸುಮ್ಮನೆ ತಾಟನ್ನೇ ನೋಡುತ್ತ ಕುಕ್ಕರಗಾಲಿನಲ್ಲಿ ಕುಳಿತ.

ಕುಳಿತವನ ಕಣ್ಣು ಒಂದು ಕಡೆ ನೆಟ್ಟಿತು. ಬಿಲ್ಲೆಗಳಿಗೆ ಹಚ್ಚಿದ ಕುಂಕುಮ ನೀರಿನಲ್ಲಿ ಕಲಸಿದ್ದು. ಅದು ತೂತುಗಳೊಳಗೂ ಇಳಿದು ಒಣಗಿ ಗಟ್ಟಿಯಾಗಿತ್ತು. ಒಂದು ತೂತೂ ಬಿಡದೆ ಎಲ್ಲದರ ಅಂಚೂ ಕೆಂಪು.

ಅವನು ಕಿಸೆಯಿಂದ ಮರೆಪ್ಪನ ಬಿಲ್ಲೆ ತೆಗೆದು ಬಿಸಿಲಿಗೆ ಹಿಡಿದ. ಮುಖದ ಮೇಲಿನ ಕುಂಕುಮ ಹುಲ್ಲಿನ ಇಬ್ಬನಿಗೆ ತೊಳೆದು ಹೋಗಿತ್ತು. ತೂತುಗಳೊಳಗಿನದು ಹೋಗಿರಲಿಲ್ಲ. ಮೊದಲನೆಯದರ ಅಂಚು ಕೆಂಪು. ಎರಡನೆಯದು ಕೆಂಪು. ಮೂರನೆಯದೂ ಕೆಂಪು. ನಾಲ್ಕನೆಯದರ ಅಂಚು ಮಾತ್ರ ಈಗಷ್ಟೇ ಕತ್ತರಿಸಿದ ಹಿತ್ತಾಳೆಯಂತೆ ಹೊಳೆಯುತ್ತಿತ್ತು.

“ಗುಂಡಣ್ಣಾ, ಇಲ್ಲಿ ಬಾ.”

“ಏನ್ ಮಾಮಾ?”

“ಮರೆಪ್ಪ ಈ ತಾಟಿನಾಗ ಇಟ್ಟದ್ದು ಮೂರು ತೂತಿನ ಬಿಲ್ಲಿ. ಪೂಜಾ ಆದಾಗೂ ಮೂರ ಇದ್ದವು. ನಾಲ್ಕನೇದು ಪೂಜಾ ಆದ ಮ್ಯಾಲ ಬಿದ್ದದ, ಅದರಾಗ ಕುಂಕುಮ ಇಲ್ಲ. ನಿನ್ನೆ ಸಂಜಿ ಆ ಹುಲ್ಲಿನಾಗ ಬಿಲ್ಲಿನೂ ಇದ್ದಿಲ್ಲ. ಇಲ್ಲಿಂದ ಒಯ್ದು, ತೂತು ಹಾಕಿ, ಆಮ್ಯಾಲ ಯಾರೋ ಅಲ್ಲಿ ಒಗದಾರ. ಜಾಮೀನೂ ಸಿಗದಂಗ ಮಾಡಿ ಮರೆಪ್ಪನ ಬಾಯಿ ಮುಚ್ಚಸಾಕ. ಜಮಾದಾರನ ತೆಲಿಗೆ ಕಟ್ಟಾಕ.”

ಗುಂಡಣ್ಣನ ನಗು ಒಂದು ಗಳಿಗೆ ಆರಿತು. ಅಣವೀರಪ್ಪನಿಗೆ ಅಷ್ಟೇ ಸಾಕಿತ್ತು. ಎದ್ದು ನಿಂತು ಅವನ ಮುಖಕ್ಕೆ ಮುಖ ಕೊಟ್ಟ.

“ಹೇಳು. ಕಾರಿನಾಗ ನಿನ್ನ ಜೋಡಿ ಇದ್ದ ಹೆಣ್ಮಗಳು ಯಾರು? ಹಸರು ಬಳಿಯಾಕಿ?”

ಗುಂಡಣ್ಣ ಕೈಯಲ್ಲಿದ್ದ ಬನ್ನಿಯನ್ನು ತಾಟಿನ ಅಂಚಿಗೆ ಇಟ್ಟ. ಆಮೇಲೆ ಬಂದ ದನಿಯಲ್ಲಿ ಹೆದರಿಕೆ ಇರಲಿಲ್ಲ, ಕನಿಕರ ಇತ್ತು. ಅದೇ ಅಣವೀರಪ್ಪನನ್ನು ಹೆಚ್ಚು ಅಂಜಿಸಿತು.

“ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಇಕ್ಕಳ ಜಿಲ್ಲಾಕ್ಕ ಒಂದ ಅಲ್ಲೇನ್ರಿ?”

“ಹೌದು.”

“ನವಮಿ ಪೂಜಾಕ್ಕ ಅದು ಎಲ್ಲಿ ಕೂತಿತ್ತು ಮಾಮಾ?”

ಅಣವೀರಪ್ಪ ಬಿಲ್ಲೆಯನ್ನು ಮೆಲ್ಲಗೆ ಕಿಸೆಗಿಳಿಸಿದ.

“ಮನಿಗೆ ಹೋಗ್ರಿ” ಎಂದ ಗುಂಡಣ್ಣ. “ನನ್ನ ಕೇಳೂಕಿಂತ ಮನ್ಯಾಗ ಕೇಳೂದು ಚಲೋ.”

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಗಿತ್ತು. ನವಮಿಯ ಬೆಳಿಗ್ಗೆ ಠಾಣೆಯಿಂದ ಪಿಸ್ತೂಲನ್ನೂ ಇಕ್ಕಳವನ್ನೂ ಮನೆಗೆ ಒಯ್ದು ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಹೂವೇರಿಸಿದವನು ಅವನೇ. ದುಡಿಯುವ ಆಯುಧ ದುಡಿಯುವವನ ಮನೆ ದೇವರ ಮುಂದೆ ಕೂರಬೇಕು. ಅವನಪ್ಪನೂ ಹಾಗೇ ಮಾಡುತ್ತಿದ್ದ. ಬನ್ನಿ ಮುಡಿಯುವ ತನಕ ಮುಟ್ಟಬಾರದೆಂದು ನಿನ್ನೆ ಕಮಲಾಪುರಕ್ಕೂ ಬರಿ ಬಡಿಗೆ ಹಿಡಿದು ಹೋಗಿದ್ದ. ಪೂಜೆಗೆ ಕುಳಿತದ್ದನ್ನು ಯಾರೂ ಮುಟ್ಟುವುದಿಲ್ಲವೆಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಆ ಇಕ್ಕಳವನ್ನು ಅನುಮಾನಿಸಬೇಕೆಂದು ಬೆಳಗಿನಿಂದ ಒಮ್ಮೆಯೂ ತೋಚಿರಲಿಲ್ಲ.

ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ಮಂದಿ ಬನ್ನಿ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದರು. ಅವನಿಗೆ ಯಾರ ಮುಖವೂ ಕಾಣಲಿಲ್ಲ.

ಶಿವಕಾಂತಮ್ಮ ಇಳಕಲ್ ಸೀರೆಯುಟ್ಟು ಪಡಸಾಲೆಯಲ್ಲಿ ನಿಂತಿದ್ದಳು. ಕೈಯಲ್ಲಿ ಬನ್ನಿ ಇತ್ತು.

“ಎಷ್ಟೊತ್ತು ಮಾಡಿದ್ರಿ? ಊಟಾನೂ ಇಲ್ಲ, ಏನೂ ಇಲ್ಲ.”

ಅವನು ಕೆರ ಕಳಚಿ ನೇರ ದೇವರ ಕೋಣೆಗೆ ನಡೆದ. ಜಗಲಿಯ ಮೇಲೆ ಹೂವು ಬಾಡಿದ್ದವು. ಪಿಸ್ತೂಲು ಅಲ್ಲೇ ಇತ್ತು, ಪಕ್ಕದಲ್ಲಿ ಇಕ್ಕಳ. ಎಲ್ಲ ಇಟ್ಟಲ್ಲೇ ಇತ್ತು. ಒಂದು ಗಳಿಗೆ ಎದೆ ಹಗುರಾಯಿತು. ಗುಂಡ್ಯಾ ಸುಮ್ಮನೆ ದಿಕ್ಕು ತಪ್ಪಿಸಿದ್ದಾನೆ ಎಂದುಕೊಂಡ.

ಆಮೇಲೆ ಕಂಡಿತು. ಪಿಸ್ತೂಲಿನ ಹಿಡಿಯ ಮೇಲೆ ವಿಭೂತಿಯ ಎರಡು ಎಳೆ. ಇಕ್ಕಳದ ಹಿಡಿಯ ಮೇಲೆ ಮೂರು.

“ಇದಕ್ಕ ಈಬತ್ತಿ ಯಾರು ಹಚ್ಚಿದ್ರು?”

“ನೀವ ಹಚ್ಚಿದ್ರಲ್ಲ.”

ಅಣವೀರಪ್ಪ ತಿರುಗದೆ, ಬೆರಳಿಲ್ಲದ ಬಲಗೈಯನ್ನು ಮೇಲೆತ್ತಿ ತೋರಿಸಿದ.

ಆಮೇಲೆ ತಿರುಗಿ ನೋಡಿದ. ಅವಳ ಎಡಗೈ ತುಂಬ ಹಸಿರು ಬಳೆ. ಬಲಗೈಯ ಬಳೆಗಳು ಹೊಚ್ಚ ಹೊಸವು, ಅವುಗಳ ಹಿಂದೆ ಅರಿಶಿನ ಮೆತ್ತಿದ ಗಾಯ. ನಿನ್ನೆ ರಾತ್ರಿ ಊಟಕ್ಕೆ ಬಡಿಸಿದ ಕೈ ಇದೇ. ಹಬ್ಬಕ್ಕೆ ಬಳೆಗಾರ ಬಂದಿರಬೇಕೆಂದು ನೋಡಿಯೂ ನೋಡದೆ ಉಂಡೆದ್ದಿದ್ದ. ಈಗ ಕಿಸೆಯ ಚೂರು ತೆಗೆದು ಹೋಲಿಸಿ ನೋಡುವ ಧೈರ್ಯ ಅವನಿಗಾಗಲಿಲ್ಲ, ಅಗತ್ಯವೂ ಇರಲಿಲ್ಲ.

“ಗುಂಡ್ಯಾನ ಜೋಡಿ ಕಾರಿನಾಗ ನೀ ಇದ್ದಿ.”

“ಹೌದ್ರಿ.”

“ಹೇಳಬಾರದಾಗಿತ್ತೇನು? ಅವ ಕೆಡವಿದ್ದಕ್ಕ ನೀ ಯಾಕ...”

“ಅವ ಕೆಡವಿಲ್ರಿ.” ಶಿವಕಾಂತಮ್ಮ ಜಗಲಿಯ ಅಂಚು ಹಿಡಿದುಕೊಂಡು ಮೆಲ್ಲಗೆ ಕುಳಿತಳು. “ತಮ್ಮ ಪಕ್ಕದಾಗ ಕೂತಿದ್ದ. ಹಬ್ಬದ ದಿನ ರಸ್ತಾ ಖಾಲಿ ಇರ್ತದ, ಒಂದೀಟು ಕಲಿ ಅಕ್ಕಾ ಅಂದ. ನನಗೂ ಆಸೆ ಇತ್ತು. ತಿರುವಿನಾಗ ಬುಟ್ಟಿ ಕಾಣಿಸ್ತು. ಕಾಲು ಯಾವುದರ ಮ್ಯಾಲ ಇಟ್ಟೆನೋ, ಗಾಡಿ ನಿಲ್ಲಲಿಲ್ಲ.”

ಅಣವೀರಪ್ಪ ಇಕ್ಕಳದ ಕಡೆ ಬೆರಳು ಮಾಡಿದ.

“ಬಿಲ್ಲಿ ಇಲ್ಲದವ್ರ ಕೈಗೆ ಕಾರು ಕೊಟ್ಟದ್ದಕ್ಕ ತಮ್ಮಗ ನಾಲ್ಕನೇದು ಬೀಳ್ತಿತ್ತು. ನಿಮ್ಮ ಮಾನ ಹೋಗ್ತಿತ್ತು. ಸಂಜಿಗಿ ಅವ ಆ ಬಿಲ್ಲಿ ತಂದ. ಇಕ್ಕಳ ಕೊಡು ಅಂದ, ಕೊಟ್ಟೆ. ಒರಸಿ ಹೋಗಿದ್ದ ಈಬತ್ತಿ ಮತ್ತ ನಾನ ಎಳದೆ. ಅದು ಯಾರ ಬಿಲ್ಲಿ, ಯಾರಿಗೆ ಏನಾಗ್ತದ ಅಂತ ಕೇಳಲಿಲ್ಲ. ಕೇಳಿದ್ರ ಕೊಡಾಕ ಆಗ್ತಿದ್ದಿಲ್ಲ, ಅದಕ್ಕ ಕೇಳಲಿಲ್ಲ. ಇವತ್ತು ನೀರಿಗೆ ಹೋದಾಗ ಮಂದಿ ಮರೆಪ್ಪನ ಹೆಸರು ಅಂದ್ರು. ಅವಾಗಿಂದ ಒಂದು ತುತ್ತು ಇಳದಿಲ್ರಿ.”

ಹೊರಗೆ ಓಡಿ ಬಂದ ಹೆಜ್ಜೆ ಸಪ್ಪಳ. ಆಮೇಲೆ ಕರೀಂಸಾಬನ ದನಿ, ಎಷ್ಟೋ ದಿನದ ಮೇಲೆ ಹುರುಪಿನ ದನಿ.

“ಅಮೀನ್ ಸಾಬ್! ಬಂಡೆಮ್ಮ ಕಣ್ಣು ತೆರದಾಳ. ಗಾಡಿ ಓಡಸ್ತಿದ್ದ ಮುಖ ನೋಡೀನಿ, ಎದುರಿಗೆ ನಿಲ್ಲಿಸ್ರಿ, ಗುರುತ ಹಿಡೀತೀನಿ ಅನ್ನಾಕತ್ತಾಳ. ಎಸ್ಪಿ ಸಾಹೇಬ್ರು ಮರೆಪ್ಪನ್ನ ಅಲ್ಲಿಗೇ ಕರಸ್ಯಾರ. ನಡೀರಿ ಸಾಬ್, ನಮ್ಮ ಹುಡುಗ ಉಳದ!”

ಶಿವಕಾಂತಮ್ಮ ಎದ್ದಳು. ಕಣ್ಣೊರೆಸಿಕೊಂಡು, ಬನ್ನಿಯನ್ನು ಗಂಡನ ಕೈಯಲ್ಲಿಟ್ಟು, ಬಗ್ಗಿ ಪಾದ ಮುಟ್ಟಿದಳು.

“ಎರಡು ಮಕ್ಕಳ ತಂದಿ ಅಂತ ಅವ. ನಡೀರಿ, ನಾನ ಹೋಗಿ ಆಕಿ ಎದುರಿಗೆ ನಿಲ್ತೀನಿ.”

ಸೆರಗು ತಲೆ ತುಂಬ ಹೊದ್ದು ಬಾಗಿಲ ಕಡೆ ನಡೆದಳು.

ಅವಳಿಗಿಂತ ಮೊದಲು ಬಾಗಿಲು ಮುಟ್ಟಿ, ಅಗುಳಿ ಹಾಕಿ, ಅಡ್ಡ ನಿಂತವನು ಅಣವೀರಪ್ಪ.